ಜಾಡಿಯ ಮೈ ಮುಟ್ಟಬಾರದು

ಸಮಸ್ತರ ಗಮನಕ್ಕೆ. ಆಸ್ಪತ್ರೆಯ ನೆಲಮಾಳಿಗೆಯ ವಿಕಿರಣ ವಿಭಾಗದಲ್ಲಿರುವ ಫ್ರಿಜ್ಜಿನ ಎರಡನೇ ಖಾನೆಯನ್ನು, ಇಪ್ಪತ್ತೆರಡು ವರ್ಷಗಳ ಅಖಂಡ ಸ್ವಾಧೀನದ ತರುವಾಯ, ಫಿಲ್ಮ್ ಪೆಟ್ಟಿಗೆಗಳಿಂದ ಬಿಡಿಸಿ ಜೆಲ್ ಜಾಡಿಗಳಿಗೆ ವಹಿಸಿಕೊಡಲಾಗಿದೆ. ಅಧಿಕಾರ ಹಸ್ತಾಂತರ ಶಾಂತಿಯುತವಾಗಿ ನಡೆಯಿತು. ಸ್ಥಳಾಂತರಗೊಂಡ ಪೆಟ್ಟಿಗೆಗಳಿಗೆ ಕೆಳಗಿನ ತರಕಾರಿ ಡ್ರಾಯರಿನಲ್ಲಿ ಪುನರ್ವಸತಿ ಕಲ್ಪಿಸಲಾಗಿದೆ. ಸಾವುನೋವಿನ ವರದಿಯಿಲ್ಲ.

ಸಾವು ಇರಲಿಲ್ಲ, ನಿಜ. ನೋವು ಇತ್ತು. ಅದು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು, ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತಿದ್ದರೂ ಹೊಟ್ಟೆಯೊಳಗೆ ಧಗಧಗ ಉರಿಸಿಕೊಂಡು ನಿಂತಿತ್ತು. ಅದರ ಹೆಸರು ದೊಡ್ಡಳಿಯ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಸಂಬಳದ ಚೀಟಿಯ ಮೇಲೆ ತಿಂಗಳಿಗೊಮ್ಮೆ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಉಳಿದಂತೆ ಲಿಫ್ಟಿನವನಿಂದ ಹಿಡಿದು ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮನವರೆಗೆ ಎಲ್ಲರಿಗೂ ಅವನು ದೊಡ್ಡಳಿಯನೇ. ಕಾರಣ ಸರಳ. ಅದೇ ನೆಲಮಾಳಿಗೆಯಲ್ಲಿ, ಅದೇ ಕಸುಬಿನಲ್ಲಿ ಅವನ ಷಡ್ಡಕನೂ ಇದ್ದ, ಅಂದರೆ ಹೆಂಡತಿಯ ತಂಗಿಯ ಗಂಡ. ಅವನು ಚಿಕ್ಕಳಿಯ. ಇಬ್ಬರ ಕೆಲಸವೂ ಅಳೆಯುವುದು. ಅಳಿಯಂದಿರಾದ ಮೇಲೆ ಅಳೆಯದೆ ಇರುವುದು ಹೇಗೆ ಅಂತ ಲಿಫ್ಟಿನವನು ದಿನಕ್ಕೆರಡು ಸಲ ನಗುತ್ತಿದ್ದ. ದೊಡ್ಡಳಿಯ ಒಂದು ಸಲವೂ ನಕ್ಕಿರಲಿಲ್ಲ.

ಅಳೆಯುವುದು ಏನನ್ನು? ಗಡ್ಡೆಯನ್ನು ಸುಡಲು ಬಿಡುವ ಕಿರಣವನ್ನು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಹತ್ತುವುದಿಲ್ಲ. ಗಡ್ಡೆಗೆ ಬೀಳಬೇಕಾದ್ದು ಪಕ್ಕದ ಬೆನ್ನುಹುರಿಗೆ ಬಿದ್ದರೆ ರೋಗಕ್ಕಿಂತ ಮದ್ದೇ ಯಮ. ಆದ್ದರಿಂದ ರೋಗಿಯನ್ನು ಮಲಗಿಸುವ ಮೊದಲು, ಅದೇ ಕಿರಣವನ್ನು ರೋಗಿಯ ಮೈಯಂತೆ ಮಾಡಿದ ಒಂದು ಡಮ್ಮಿಯ ಮೇಲೆ ಬಿಟ್ಟು, ಎಲ್ಲೆಲ್ಲಿ ಎಷ್ಟೆಷ್ಟು ಬಿತ್ತು ಅಂತ ಅಳೆದು, ಕಾಗದದ ಕೆಳಗೆ ‘ಅಳತೆ ಸರಿಯಾಗಿದೆ’ ಎಂದು ಒಬ್ಬರು ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷಗಳಿಂದ ಆ ಸಹಿ ದೊಡ್ಡಳಿಯನದು. ಸಹಿಯೆಂದರೆ ಅಂತಿಂಥ ಸಹಿಯಲ್ಲ. ಮೊದಲಕ್ಷರದಲ್ಲಿ ಒಂದು ಸೊಂಡಿಲು, ಕೊನೆಯಲ್ಲಿ ಒಂದು ಬಾಲ, ಅಡಿಯಲ್ಲಿ ಎರಡು ಗೆರೆ. ಅದಿಲ್ಲದೆ ಆ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೂ ಒಂದು ಸೆಕೆಂಡಿನ ಕಿರಣ ಬಿದ್ದದ್ದಿಲ್ಲ. ಬೆಳಿಗ್ಗೆ ಕನ್ನಡಿಯೆದುರು ತಲೆ ಬಾಚುವಾಗ ಅವನಿಗೆ ಕಾಣುತ್ತಿದ್ದುದು ಮುಖವಲ್ಲ, ಆ ಸಹಿ.

ಅವನ ಆಯುಧ ಫಿಲ್ಮು. ಕಿರಣ ಬಿದ್ದಲ್ಲಿ ಕಪ್ಪಾಗುವ ಹಾಳೆ. ಡಮ್ಮಿಯನ್ನು ಎರಡು ಹೋಳು ಮಾಡಿ, ನಡುವೆ ಹಾಳೆ ಸಿಕ್ಕಿಸಿ, ಕಿರಣ ಬಿಟ್ಟು, ಹಾಳೆ ತೆಗೆದು ಕಪ್ಪನ್ನು ಓದುತ್ತಿದ್ದ. ಒಂದು ಹೋಳು ನೋಡಿದರೆ ಇಡೀ ಡಮ್ಮಿ ತಿಳಿಯುವುದು ಹೇಗೆ ಅಂತ ಯಾರಾದರೂ ಕೇಳಿದರೆ ಸಿದ್ಧ ಉತ್ತರವಿತ್ತು:

“ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಸಾಕು. ಪಾತ್ರೆ ಪೂರ್ತಿ ಹಿಚುಕ್ತಾರೇನ್ರೀ?”

ಚಿಕ್ಕಳಿಯ ಬಂದದ್ದು ಪಾತ್ರೆ ಪೂರ್ತಿ ಹಿಚುಕುವುದಕ್ಕೇ.

ಅವನ ಆಯುಧ ಜಾಡಿ. ಜಾಡಿಯೊಳಗೆ ನೀರಿನಷ್ಟು ತಿಳಿಯಾದ, ಆದರೆ ಅಲುಗಾಡದಂತೆ ಹೆಪ್ಪುಗಟ್ಟಿದ ಜೆಲ್ಲು. ಕಿರಣ ತಗುಲಿದ ಕಡೆ ಅದು ನೇರಳೆಯಾಗುತ್ತದೆ. ಹೆಚ್ಚು ತಗುಲಿದರೆ ಹೆಚ್ಚು ನೇರಳೆ. ಆ ಜಾಡಿಯನ್ನು ಒಂದು ತೊಟ್ಟಿಯೊಳಗೆ ಇಳಿಬಿಟ್ಟು, ಒಂದು ಕಡೆಯಿಂದ ಬೆಳಕು ಹಾಯಿಸಿ, ಇನ್ನೊಂದು ಕಡೆ ಕ್ಯಾಮೆರಾ ಇಟ್ಟು, ಜಾಡಿಯನ್ನು ಇಷ್ಟಿಷ್ಟೇ ತಿರುಗಿಸುತ್ತಾ ನೂರಾರು ನೆರಳು ಹಿಡಿಯುತ್ತಾನೆ. ಆ ನೆರಳುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ ಜೆಲ್ಲಿನ ಒಳಗಿನ ನೇರಳೆ, ಉದ್ದ ಅಗಲ ಆಳ ಸಮೇತ, ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ತೊಟ್ಟಿಯಲ್ಲಿ ತುಂಬಿರುವ ದ್ರವ ಬೇರೆ ಮಾಯಾವಿ. ಜೆಲ್ಲು ಬೆಳಕನ್ನು ಎಷ್ಟು ಬಾಗಿಸುತ್ತದೋ ಇದೂ ಅಷ್ಟೇ ಬಾಗಿಸುವಂತೆ ಕಲಸಿಟ್ಟದ್ದು. ಅದರೊಳಗೆ ಇಳಿದ ಜಾಡಿ ಇದ್ದೂ ಇಲ್ಲದಂತಾಗುತ್ತದೆ. ಮೊದಲ ದಿನ ನೋಡಲು ಬಂದ ಡಾಕ್ಟರಮ್ಮ “ಅಯ್ಯೋ, ಜಾಡಿ ಎಲ್ಲೋಯ್ತು?” ಎಂದು ಮಗುವಿನಂತೆ ಚಪ್ಪಾಳೆ ತಟ್ಟಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಫಿಲ್ಮಿಗೂ ಚಪ್ಪಾಳೆ ಬಿದ್ದಿರಲಿಲ್ಲ.

ಇದರಲ್ಲಿ ಇನ್ನೂ ಚುಚ್ಚುವ ಸಂಗತಿಯೆಂದರೆ, ಈ ಷಡ್ಡಕನನ್ನು ಮನೆಗೆ ಕರೆತಂದವನು ದೊಡ್ಡಳಿಯನೇ. ಆರು ವರ್ಷದ ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದ ಈ ಬಾಯಿಸತ್ತ ಪ್ರಾಣಿಯನ್ನು ನೋಡಿ, ನಾದಿನಿಗೆ ಹೇಳಿ ಮಾಡಿಸಿದ ಗಂಡು, ಎದುರು ಮಾತಾಡುವುದಿಲ್ಲ, ನಮ್ಮ ಮಾತಿನ ಮೇಲೆ ಮಾತಿಲ್ಲ ಎಂದು ಅತ್ತೆಯ ಹತ್ತಿರ ಹೊಗಳಿ, ಓಡಾಡಿ, ಸಂಬಂಧ ಕುದುರಿಸಿದ್ದ. ದಾರೀಲಿ ಹೋಗೋ ಮಾರಿಯನ್ನು ಮನೆಗೆ ಕರೆದದ್ದು ಅಂದರೆ ಇದು. ಅದೂ ಕರೆದು, ಕೂರಿಸಿ, ಕುಡಿಯಲು ಕೊಟ್ಟು.

ಅತ್ತೆ ಈಗ ಹೊಗಳುವುದು ಯಾರನ್ನು ಎಂದು ಬೇರೆ ಹೇಳಬೇಕಿಲ್ಲ. ಭಾನುವಾರ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಕಿಟಕಿಯ ಹತ್ತಿರದ ಕುರ್ಚಿ, ಗಾಳಿ ಬರುವ ಕುರ್ಚಿ, ಮೊದಲಿನಿಂದಲೂ ದೊಡ್ಡಳಿಯನದು. ಅಂದು ಅದರಲ್ಲಿ ಚಿಕ್ಕಳಿಯ ಕೂತಿದ್ದ. ಅವನಾಗಿ ಕೂತದ್ದಲ್ಲ, ಅತ್ತೆಯೇ ಕೂರಿಸಿದ್ದು.

“ಪಾಪ, ವಾರವೆಲ್ಲ ಕತ್ತಲೆ ಕೋಣೇಲಿ ಇರ್ತಾನೆ. ಅವ್ನಿಗೆ ಸ್ವಲ್ಪ ಬೆಳಕು ಬೀಳ್ಲಿ,” ಎಂದರು ಅತ್ತೆ.

“ನಾನೂ ಅದೇ ನೆಲಮಾಳಿಗೇಲೇ ಇರೋದು ಅತ್ತೆ,” ಎಂದ ದೊಡ್ಡಳಿಯ.

“ನಿಮಗೆ ಅಭ್ಯಾಸ ಆಗಿದೆ ಬಿಡಿ.” ಅತ್ತೆ ಬಡಿಸುತ್ತಾ ಮುಂದುವರಿಸಿದರು. “ಅಲ್ಲಾ, ಚಿಕ್ಕವನು ಮೂರೂ ಆಯಾಮದಲ್ಲಿ ಅಳೀತಾನಂತಲ್ಲ? ನೀವು ಇಷ್ಟು ವರ್ಷ ಬರೀ ಎರಡರಲ್ಲೇ ಇದ್ರಾ?”

ಚಿಕ್ಕಳಿಯ ಕೆಮ್ಮಿದ. “ಅತ್ತೆ, ಭಾವನ ಫಿಲ್ಮಿನಷ್ಟು ಚೂಪು ನನ್ನ ಜಾಡಿ ಇಲ್ಲ. ಅದು ಬೇರೆ, ಇದು ಬೇರೆ.”

ಬೈದಿದ್ದರೆ ಸಹಿಸಬಹುದಿತ್ತು. ಈ ವಿನಯವನ್ನು ಹೇಗೆ ಸಹಿಸುವುದು? ದೊಡ್ಡಳಿಯ ನೀರು ಕುಡಿದ. ನೀರಿನಿಂದ ಆರುವ ಕಿಚ್ಚಲ್ಲ ಅದು.

ಮನೆಯ ಬೀಗ ತೆಗೆದು ಒಳಗೆ ಬಂದಮೇಲೆ ಹೆಂಡತಿ ಕೇಳಿದಳು. “ಯಾಕ್ರೀ ಮುಖ ಹಾಗೆ? ಹೊಟ್ಟೆ ಸರಿ ಇಲ್ವಾ?”

“ಹೊಟ್ಟೆಗೇನಾಗಿದೆ?”

“ಉರೀತಿರೋ ಹಾಗಿದೆ. ತಂಗಿ ಗಂಡನಿಗೆ ಹೇಳಿ ಒಂದು ಜಾಡಿ ನುಂಗಿಸಿದ್ರೆ, ಎಲ್ಲೆಲ್ಲಿ ಎಷ್ಟೆಷ್ಟು ಉರೀತಿದೆ ಅಂತ ನೇರಳೆ ಬಣ್ಣದಲ್ಲಿ ಬರುತ್ತಪ್ಪ.”

“ನೀನೂ ಶುರು ಮಾಡ್ದೆ.”

“ನಾನೇನು ಅಂದೆ ಈಗ? ಒಳ್ಳೇ ಮನುಷ್ಯ ಕಣ್ರೀ ಅವ್ನು. ನೀವೇ ತಂದಿದ್ದಲ್ವಾ?”

ಅದೇ ತಾನೇ ಸಂಕಟ.

ಸೋಮವಾರ ಡಾಕ್ಟರಮ್ಮ ಇಬ್ಬರನ್ನೂ ಕರೆಸಿಕೊಂಡರು. ಅವರ ಮೇಜಿನ ಮೇಲೆ ಕಾಗದಕ್ಕಿಂತ ಚಹಾದ ಲೋಟಗಳೇ ಹೆಚ್ಚು, ಒಂದೊಂದರಲ್ಲೂ ಅರ್ಧರ್ಧ. ಮಾತು ಮಾತ್ರ ಯಾವತ್ತೂ ಪೂರ್ತಿ.

“ನೋಡಿ, ಸುತ್ತು ಬಳಸೋದು ಬೇಡ. ಒಂದನೇ ತಾರೀಖಿಂದ ಅಳತೆ ಕಾಗದಕ್ಕೆ ಒಂದೇ ಸಹಿ ಇರ್ಬೇಕು. ಯಾವ ವಿಧಾನದಲ್ಲಿ ಅಳೀತೀವೋ ಆ ವಿಧಾನದವರ ಸಹಿ. ಫಿಲ್ಮೋ ಜಾಡಿಯೋ, ಗುರುವಾರ ತೀರ್ಮಾನ ಮಾಡೋಣ. ಬೆನ್ನುಹುರಿ ಸುತ್ತ ಕುದುರೆ ಲಾಳದ ಥರ ಸುತ್ತಿಕೊಂಡಿರೋ ಗಡ್ಡೆಗೆ ಕಿರಣ ಬಿಡೋ ಒಂದು ಪ್ಲಾನ್ ಕೊಡ್ತೀನಿ. ಇಬ್ಬರೂ ಅದನ್ನೇ ಅಳೀರಿ. ಕಂಪ್ಯೂಟರ್ ಹಾಕಿದ ಲೆಕ್ಕಕ್ಕೆ ಯಾರ ಅಳತೆ ಎಷ್ಟು ಕೂಡತ್ತೆ ನೋಡೋಣ. ಜಾಡಿ ಅಳತೆ ಕೆಟ್ರೆ ಫಿಲ್ಮು. ಕೆಡದಿದ್ರೆ ಜಾಡಿ. ಯಾಕಂದ್ರೆ ಅದು ಪೂರ್ತಿ ತೋರ್ಸತ್ತೆ.”

ದೊಡ್ಡಳಿಯ ಆ ಮಾತನ್ನು ಮನಸ್ಸಿನಲ್ಲೇ ತಿರುವಿಹಾಕಿದ. ಜಾಡಿ ಕೆಟ್ಟರೆ ಮಾತ್ರ ಫಿಲ್ಮು. ಅಂದರೆ ತಾನು ಗೆದ್ದರೆ ಸಾಲದು, ಅವನು ಸೋಲಬೇಕು.

ಇಲ್ಲಿ ಒಂದು ಮಾತು. ಚಿಕ್ಕಳಿಯ ತನ್ನ ಯಂತ್ರದ ಬಗ್ಗೆ ಹಿಂದಿನ ತಿಂಗಳು ಇಡೀ ವಿಭಾಗಕ್ಕೆ ಒಂದು ಗಂಟೆ ವಿವರಿಸಿ ಹೇಳಿದ್ದ. ನೆಲ ಒರೆಸುವ ಅಜ್ಜಿ ಕೂಡ ಕೂತು ಕೇಳಿ, ಎರಡು ಪ್ರಶ್ನೆ ಹಾಕಿದ್ದಳು. ಕೇಳದೇ ಇದ್ದವನು ದೊಡ್ಡಳಿಯ ಒಬ್ಬನೇ. ದೀಪ ಆರಿಸುತ್ತಿದ್ದಂತೆ ಅವನು ಹಿಂದಿನ ಬಾಗಿಲಿನಿಂದ ಜಾರಿ, ಕ್ಯಾಂಟೀನಿನಲ್ಲಿ ಕೂತು, ತಿನ್ನುವ ಮನಸ್ಸಿಲ್ಲದ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದ್ದಿ ಮುಳುಗಿಸಿದ್ದ. ಷಡ್ಡಕನ ಬಾಯಿಂದ ಪಾಠ ಹೇಳಿಸಿಕೊಳ್ಳುವುದಕ್ಕಿಂತ ಅಜ್ಞಾನ ಮೇಲು ಎಂಬುದು ಅವನ ಜ್ಞಾನ.

ಆದ್ದರಿಂದ ಜಾಡಿಯ ಬಗ್ಗೆ ಅವನಿಗೆ ಗೊತ್ತಿದ್ದುದು, ಅದರ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಚೀಟಿಯಷ್ಟೇ: ‘ಜಾಡಿಯ ಮೈ ಮುಟ್ಟಬಾರದು. ಕತ್ತು ಹಿಡಿದೇ ಎತ್ತಬೇಕು. ಗಾಜಿನ ಮೇಲೆ ಜಿಡ್ಡು ಬಿದ್ದರೆ ಬೆಳಕು ಅಡ್ಡಾದಿಡ್ಡಿ ಬಾಗಿ, ಅಳತೆಯಲ್ಲಿ ಇಲ್ಲದ ಗೆರೆಗಳು ಮೂಡುತ್ತವೆ.’

ಅದನ್ನು ಅವನು ಮೂರು ಸಲ ಓದಿದ. ನಾಲ್ಕನೆಯ ಸಲ ಓದುವಾಗ ಮುಖದಲ್ಲಿ ನಗು ಇತ್ತು. ಫಿಲ್ಮಿನವನಿಗೆ ಬೆರಳಚ್ಚಿನ ಬಗ್ಗೆ ಪಾಠ ಬೇಡ. ಫಿಲ್ಮಿನ ಮೇಲೆ ಬೆರಳು ಯಾವಾಗ ಬಿದ್ದರೇನು, ಕಿರಣಕ್ಕೆ ಮೊದಲು ಬೀಳಲಿ, ಆಮೇಲೆ ಬೀಳಲಿ, ಕೆಟ್ಟಿತೆಂದರೆ ಕೆಟ್ಟಿತು. ಜಾಡಿಯೂ ಹಾಗೇ ತಾನೆ? ಇನ್ನು ಪಾಪಪ್ರಜ್ಞೆಯ ವಿಚಾರ. ಅದನ್ನೂ ಯೋಚಿಸಿದ. ಜಾಡಿಗೆ ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಯಾವ ರೋಗಿಯ ಕೂದಲೂ ಕೊಂಕುವುದಿಲ್ಲ. ಒಂದು ಬೆರಳು, ಅಷ್ಟೇ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ದೊಡ್ಡ ಕೆಲಸಗಳಿಗೆ ಜನ ಎರಡೂ ಕೈ ಹಾಕುತ್ತಾರೆ.

ಗುರುವಾರ ಬೆಳಿಗ್ಗೆ ಅವನು ತಲೆಗೆ ದಿನಕ್ಕಿಂತ ಎರಡರಷ್ಟು ಎಣ್ಣೆ ಹಚ್ಚಿಕೊಂಡ.

“ಏನ್ರೀ ಇದು, ಹಣೆ ಮೇಲೆ ಇಳೀತಿದೆ?” ಎಂದಳು ಹೆಂಡತಿ.

“ತಲೆ ಬಿಸಿ. ತಂಪಾಗ್ಲಿ ಅಂತ.”

ಜಾಡಿಯ ಕೋಣೆಗೆ ಹೋದಾಗ ಎಂಟೂವರೆ. ಫ್ರಿಜ್ಜಿನಿಂದ ತೆಗೆದ ಜಾಡಿ ಮೇಜಿನ ಮೇಲೆ ಕೋಣೆಯ ಶಾಖಕ್ಕೆ ಬರಲೆಂದು ಕಾಯುತ್ತಿತ್ತು. ಚಿಕ್ಕಳಿಯ ತೊಟ್ಟಿಯ ದ್ರವದಲ್ಲಿ ತೇಲುತ್ತಿದ್ದ ಒಂದೇ ಒಂದು ಗುಳ್ಳೆಯನ್ನು ಉದ್ದನೆಯ ಕಡ್ಡಿಯಿಂದ ಮುದ್ದು ಮಾಡಿ ಓಡಿಸುತ್ತಿದ್ದ. ಪಕ್ಕದಲ್ಲಿ ಅವನ ಚಹಾದ ಮಗ್ಗು. ಅದರ ಮೇಲೆ ಡಾಕ್ಟರಮ್ಮ ಕೊಟ್ಟ ಮಗ್ಗು ಎಂದು ಬರೆದಿರಲಿಲ್ಲ, ಆದರೆ ಡಾಕ್ಟರಮ್ಮ ಕೊಟ್ಟದ್ದೆಂದು ದೊಡ್ಡಳಿಯನಿಗೆ ಗೊತ್ತಿತ್ತು. ತನಗೆ ಕೊಟ್ಟದ್ದು ಕ್ಯಾಲೆಂಡರು. ಅದೂ ಮಾರ್ಚ್ ತಿಂಗಳಲ್ಲಿ.

“ಬನ್ನಿ ಭಾವ. ನೀವು ಬಂದಿದ್ದು ಒಳ್ಳೇದಾಯ್ತು, ಕೈ ನಡುಗ್ತಿದೆ.”

“ನಡುಗೋ ಕೈಯಲ್ಲಿ ಅಳತೆ ಯಾಕಪ್ಪ ಮಾಡ್ಬೇಕು?”

ಅಷ್ಟರಲ್ಲಿ ಕಾರಿಡಾರಿನ ಫೋನು ಹೊಡೆದುಕೊಂಡಿತು. ಚಿಕ್ಕಳಿಯ ಕಡ್ಡಿ ಇಟ್ಟು ಓಡಿದ.

ದೊಡ್ಡಳಿಯ ಒಂಟಿಯಾದ. ಜಾಡಿಯೂ ಒಂಟಿ. ಅದು ಎಷ್ಟು ತಿಳಿಯಾಗಿತ್ತೆಂದರೆ, ಅದರ ಆಚೆ ಗೋಡೆಯ ಮೇಲಿದ್ದ ಗಡಿಯಾರದ ಮುಳ್ಳು ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಎಷ್ಟು ಚೆನ್ನಾಗಿ ಮಾಡಿದ್ದಾನೆ ಪಾಪಿ. ಒಂದು ಗುಳ್ಳೆ ಇಲ್ಲ, ಒಂದು ಕೂದಲೆಳೆ ಇಲ್ಲ. ಆ ಮೆಚ್ಚುಗೆಯೇ ಉರಿಗೆ ತುಪ್ಪವಾಯಿತು. ದೊಡ್ಡಳಿಯ ಸಂದರ್ಭೋಚಿತವಾಗಿ ತನ್ನ ತಲೆಯನ್ನು ಉಪಯೋಗಿಸಿದ: ಹೆಬ್ಬೆರಳನ್ನು ಕೂದಲಿನೊಳಗೆ ಆಳಕ್ಕಿಳಿಸಿ, ಎಣ್ಣೆಯಲ್ಲಿ ಹೊರಳಾಡಿಸಿ, ತೆಗೆದು, ಜಾಡಿಯ ಹೊಟ್ಟೆಯ ನಟ್ಟನಡುವೆ ಒತ್ತಿದ. ಇಪ್ಪತ್ತೆರಡು ವರ್ಷ ಸೊಂಡಿಲು ಬಾಲ ಸಮೇತ ಸಹಿ ಹಾಕಿದವನು ಅಂದು ಹೆಬ್ಬೆಟ್ಟು ಒತ್ತಿದ. ಓದುಬರಹ ಬಾರದವರಂತೆ.

ಚಿಕ್ಕಳಿಯ ವಾಪಸು ಬಂದು, ಜಾಡಿಯ ಕತ್ತು ಹಿಡಿದು, ಉಸಿರು ಬಿಗಿಹಿಡಿದು ತೊಟ್ಟಿಗೆ ಇಳಿಸಿ, ಮುಚ್ಚಳ ಹಾಕಿ ಗುಂಡಿ ಒತ್ತಿದ. ಒಳಗೆ ಜಾಡಿ ತಿರುಗತೊಡಗಿತು. ಪರದೆಯ ಮೇಲೆ ನೂರಕ್ಕೆ ಒಂದು, ನೂರಕ್ಕೆ ಎರಡು ಎಂದು ಅಂಕಿ ಏರುತ್ತಿತ್ತು.

“ಇನ್ನೂ ಕಿರಣಾನೇ ಬಿಟ್ಟಿಲ್ಲ, ಈಗ್ಲೇ ಯಾಕೆ ತಿರುಗಿಸ್ತಿದೀಯ?” ಎಂದ ದೊಡ್ಡಳಿಯ.

“ಅದು ಭಾವ, ಮೊದ್ಲು ಒಂದ್ಸಲ ಬಣ್ಣ ಇಲ್ದೇ ಇರೋವಾಗ ಹಿಡ್ಕೊಂಡು, ಆಮೇಲೆ...”

ದೊಡ್ಡಳಿಯನಿಗೆ ಮೈಮೇಲೆ ಜಿರಲೆ ಹರಿದಂತಾಯಿತು. ಪಾಠ! “ಗೊತ್ತು ಬಿಡಪ್ಪ. ನೀನು ಹುಟ್ಟೋಕ್ಕೆ ಮುಂಚಿನಿಂದ ಅಳೀತಿದೀನಿ.”

“ನಾನು ಹುಟ್ಟಿದಾಗ ನೀವು ಎರಡನೇ ಕ್ಲಾಸು, ಭಾವ.”

“ಆವಾಗ್ಲೂ ಸ್ಕೇಲ್ ಇತ್ತು.”

ಚಿಕ್ಕಳಿಯ ನಕ್ಕು ಸುಮ್ಮನಾದ. ಬಾಯಿಸತ್ತ ಪ್ರಾಣಿಯ ಗುಣವೇ ಅದು, ಬೇಡವೆಂದರೆ ಹೇಳುವುದಿಲ್ಲ. ಇನ್ನೊಂದು ವಾಕ್ಯ ಹೇಳಲು ಬಿಟ್ಟಿದ್ದರೆ ಈ ಕಥೆ ಬೇರೆ ದಾರಿ ಹಿಡಿಯುತ್ತಿತ್ತು. ಯಂತ್ರವನ್ನು ಬಿಸಿ ಮಾಡಿಕೊಳ್ಳುತ್ತಿರಬೇಕು, ಹಳೇ ಸ್ಕೂಟರಿನಂತೆ, ಎಂದು ದೊಡ್ಡಳಿಯ ತನ್ನಷ್ಟಕ್ಕೆ ತಾನೇ ವಿವರಣೆ ಕೊಟ್ಟುಕೊಂಡ.

ಅಂಕಿ ನೂರಕ್ಕೆ ಮುಟ್ಟಿತು. ಜಾಡಿ ಆಯಾ ಹಿಡಿದ ತಟ್ಟೆಯ ಮೇಲೆ ಕೂತು ಕಾರಿಡಾರು ದಾಟಿ ಚಿಕಿತ್ಸೆಯ ಕೋಣೆಗೆ ಹೊರಟಿತು. ಚಿಕ್ಕಳಿಯ ಹಿಡಿದ ನೆರಳುಗಳನ್ನು ಜೋಡಿಸುತ್ತೇನೆಂದು ಕಂಪ್ಯೂಟರಿನ ಮುಂದೆ ಉಳಿದ. ಜಾಡಿಯ ಜೊತೆ ಹೋದವನು ದೊಡ್ಡಳಿಯ. ಎಲ್ಲಿ ಯಾರು ತನ್ನ ಹೆಬ್ಬೆಟ್ಟನ್ನು ಅಳಿಸಿಬಿಡುತ್ತಾರೋ ಎಂಬ ಆತಂಕದಲ್ಲಿ, ಮದುವಣಗಿತ್ತಿಯನ್ನು ಕರೆದೊಯ್ಯುವ ಸೋದರಮಾವನಷ್ಟು ಜೋಪಾನವಾಗಿ, ಪಕ್ಕಪಕ್ಕದಲ್ಲೇ ನಡೆದ. ಎದುರು ಬಂದ ವಾರ್ಡಿನವನನ್ನು “ದೂರ, ದೂರ” ಎಂದು ಗದರಿಸಿ ಗೋಡೆಗೆ ಅಂಟಿಸಿದ.

ಚಿಕಿತ್ಸೆಯ ಯಂತ್ರ ನಡೆಸುವವಳನ್ನು ಎಲ್ಲರೂ ಮೆಷಿನಕ್ಕ ಎನ್ನುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ, ಧೂಳಿಗೆ ಆಜನ್ಮ ವೈರಿ. ಕಿರಣ ಬಿಟ್ಟದ್ದಾಯಿತು. ಬಾಗಿಲು ತೆರೆದು ಒಳಗೆ ಹೋದರೆ ಜಾಡಿಯ ನಡುವೆ, ಯಾರೋ ಶಾಯಿಯಲ್ಲಿ ಊದಿ ಮಾಡಿದಂತೆ, ನೇರಳೆಯ ಲಾಳವೊಂದು ತೇಲುತ್ತಿತ್ತು. ನಡುವೆ ಬೆನ್ನುಹುರಿ ಇರಬೇಕಾದ ಜಾಗ ಮಾತ್ರ ತಿಳಿ. ಮೆಷಿನಕ್ಕ ಕನ್ನಡಕ ಮೇಲೇರಿಸಿ ನೋಡಿದಳು. “ಎಷ್ಟು ಚಂದ ಇದೆ ಅಲ್ವಾ ದೊಡ್ಡಳಿಯೋರೆ?”

“ಹ್ಞೂ.”

“ಅಯ್ಯ, ಇಲ್ನೋಡಿ. ಯಾವನೋ ಕೈ ಇಟ್ಟಿದಾನೆ. ಎಣ್ಣೆ ಎಣ್ಣೆ. ಕೈ ಮುರ್ದೋಗ ಅವ್ನ್ದು!” ಎನ್ನುತ್ತಾ ಅವಳು ಜೇಬಿನಿಂದ ಬಟ್ಟೆ ತೆಗೆದಳು. “ಇರಿ, ಒರೆಸ್ಬಿಡ್ತೀನಿ.”

“ಮುಟ್ಬೇಡ!”

ಆ ಕಿರುಚಾಟಕ್ಕೆ ಮೆಷಿನಕ್ಕನ ಕನ್ನಡಕ ಕೆಳಗಿಳಿಯಿತು. ದೊಡ್ಡಳಿಯ ಎರಡೂ ಕೈ ಅಗಲಿಸಿ ಜಾಡಿಗೆ ಅಡ್ಡ ನಿಂತಿದ್ದ. “ಬಾಗಿಲ ಮೇಲಿನ ಚೀಟಿ ಓದಿಲ್ವಾ? ಜಾಡಿ ಮೈ ಮುಟ್ಟಬಾರ್ದು! ಒರೆಸೋದೂ ಮುಟ್ಟೋದೇ! ನನ್ನ ಹೆಣ ಬಿದ್ರೂ ಇದನ್ನ ಒರೆಸೋಕೆ ಬಿಡಲ್ಲ!”

ಅದೇ ಹೊತ್ತಿಗೆ ಬಾಗಿಲಲ್ಲಿ ಚಿಕ್ಕಳಿಯ ಕಾಣಿಸಿಕೊಂಡ. ಓಡಿ ಬಂದಿದ್ದ, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. “ಒರೆಸ್ಬೇಡಿ ಅಂತ ಹೇಳೋಕೇ ಬಂದೆ,” ಎಂದ ಏದುಸಿರು ಬಿಡುತ್ತಾ. ಭಾವನನ್ನು ನೋಡಿದ. ಅಗಲಿಸಿದ ಕೈಗಳನ್ನು ನೋಡಿದ. ಕಣ್ಣು ಒದ್ದೆಯಾಯಿತು. “ಭಾವ... ನೀವು...”

“ಏನು?”

“ಏನಿಲ್ಲ ಭಾವ. ಏನೂ ಇಲ್ಲ.”

ಇಬ್ಬರು ಷಡ್ಡಕರು ಒಂದು ಮಾತಿಗೆ ಒಪ್ಪಿದ್ದು ಆರು ವರ್ಷದಲ್ಲಿ ಅದೇ ಮೊದಲು. ಇವನು ಯಾಕೆ ಅಳುತ್ತಾನೆ ಅಂತ ದೊಡ್ಡಳಿಯನಿಗೆ ತಿಳಿಯಲಿಲ್ಲ. ಸೋಲಿನ ವಾಸನೆ ಬಡಿದಿರಬೇಕು ಎಂದುಕೊಂಡು ಒಳಗೊಳಗೇ ಹಿಗ್ಗಿದ.

ಬಣ್ಣ ನೆಲೆಗೊಳ್ಳಲು ಒಂದು ಗಂಟೆ ಬಿಟ್ಟು, ಜಾಡಿ ಮತ್ತೆ ತೊಟ್ಟಿಗಿಳಿಯಿತು, ಮತ್ತೆ ತಿರುಗಿತು. ದೊಡ್ಡಳಿಯ ತನ್ನ ಫಿಲ್ಮನ್ನು ಅಳೆದು ಮುಗಿಸಿ, ಕೈ ತೊಳೆದು, ಮಧ್ಯಾಹ್ನದ ಡಬ್ಬಿಯನ್ನು ಕೊನೆಯ ತುತ್ತಿನವರೆಗೂ ಮುಗಿಸಿದ. ಹದಿನೈದು ದಿನದಿಂದ ಸೇರದಿದ್ದ ಊಟ ಅಂದು ಸೇರಿತು. ಖಾಲಿ ಹಾಳೆಯ ಮೇಲೆ ಒಂದೆರಡು ಸಲ ಸಹಿ ಮಾಡಿಯೂ ನೋಡಿದ. ಸೊಂಡಿಲು ಮೊದಲಿಗಿಂತ ಚೆನ್ನಾಗಿ ಬಂತು.

ನಾಲ್ಕು ಗಂಟೆಗೆ ಡಾಕ್ಟರಮ್ಮನ ಕೋಣೆಯಲ್ಲಿ ದೀಪ ಆರಿಸಿದರು. ಮೆಷಿನಕ್ಕನೂ ಬಂದಿದ್ದಳು. ಮೊದಲು ಫಿಲ್ಮು. ಲೆಕ್ಕ ಹಾಕಿದ ಕಿರಣಕ್ಕೂ ಬಿದ್ದ ಕಿರಣಕ್ಕೂ ಎಷ್ಟು ಕಡೆ ತಾಳೆಯಾಯಿತು? ನೂರಕ್ಕೆ ತೊಂಬತ್ತೊಂಬತ್ತು.

“ಶಹಬ್ಬಾಸ್,” ಎಂದರು ಡಾಕ್ಟರಮ್ಮ. “ಒಂದು ಹೋಳಿಗೆ.”

ಆ ‘ಒಂದು ಹೋಳಿಗೆ’ ದೊಡ್ಡಳಿಯನ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಆದರೂ ನುಂಗಿದ. ಈಗ ಬರುವುದು ಜಾಡಿ. ಈಗ ಬರುವವು ಗೆರೆಗಳು.

ಪರದೆಯ ಮೇಲೆ ನೇರಳೆಯ ಲಾಳ ಎದ್ದು ನಿಂತಿತು. ಚಿಕ್ಕಳಿಯ ಅದನ್ನು ತಿರುಗಿಸಿದ. ಮೇಲಿಂದ, ಕೆಳಗಿಂದ, ಪಕ್ಕದಿಂದ. ಈರುಳ್ಳಿ ಹೆಚ್ಚಿದಂತೆ ಒಂದೊಂದೇ ಪದರ ತೆಗೆದು ತೋರಿಸಿದ. ಪ್ರತಿ ಪದರವೂ ನುಣುಪು. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ.

“ಪೂರ್ತಿ ಜಾಡಿಗೆ ನೂರಕ್ಕೆ ತೊಂಬತ್ತೆಂಟು,” ಎಂದ ಚಿಕ್ಕಳಿಯ ಮೆಲ್ಲಗೆ.

ಡಾಕ್ಟರಮ್ಮ ಲೋಟ ಕೆಳಗಿಟ್ಟರು. “ಹಾಗಾದ್ರೆ ಮುಗೀತಲ್ಲ. ಒಂದನೇ ತಾರೀಖಿಂದ ಸಹಿ ನಿಮ್ದು.”

ದೊಡ್ಡಳಿಯ ಎದ್ದು ನಿಂತುಬಿಟ್ಟ. “ಇರಿ, ಇರಿ ಮೇಡಂ. ಇದು ಹೆಂಗಾಯ್ತು? ಗೆರೆ ಬರಬೇಕಿತ್ತಲ್ಲ? ಗಾಜಿನ ಮೇಲೆ ಜಿಡ್ಡಿತ್ತು! ಮೆಷಿನಕ್ಕ, ನೀನೇ ನೋಡ್ದೆ ಅಲ್ವಾ?”

“ಹೂಂ, ಇತ್ತು. ಎಣ್ಣೆ,” ಎಂದಳು ಮೆಷಿನಕ್ಕ.

“ಇತ್ತು ಮೇಡಂ,” ಎಂದ ಚಿಕ್ಕಳಿಯ. “ಅದನ್ನೇ ಹೇಳ್ಬೇಕು ಅಂತಿದ್ದೆ.” ಅವನು ಇನ್ನೊಂದು ಚಿತ್ರ ತೆರೆದ. ಬೂದು ಬಣ್ಣದ ಜಾಡಿ, ನಡುವೆ ದೊಡ್ಡದಾಗಿ, ಸುರುಳಿ ಸುರುಳಿ ಗೆರೆ ಸಮೇತ, ಗೋಡೆಯಗಲದ ಒಂದು ಹೆಬ್ಬೆಟ್ಟು. “ಇದು ಬೆಳಿಗ್ಗೆ, ಕಿರಣ ಬಿಡೋಕೆ ಮುಂಚೆ ಹಿಡಿದಿದ್ದು. ಇದು ಆಮೇಲೆ ಹಿಡಿದಿದ್ದು. ನೋಡಿ, ಎರಡ್ರಲ್ಲೂ ಅದೇ ಜಾಗದಲ್ಲಿ ಅದೇ ಬೆರಳಿದೆ. ನಾವು ಅಳೆಯೋದು ಮೊದಲಿಗೂ ಆಮೇಲಕ್ಕೂ ಇರೋ ವ್ಯತ್ಯಾಸ ಮಾತ್ರ. ಎರಡ್ರಲ್ಲೂ ಇರೋದು ಲೆಕ್ಕದಲ್ಲಿ ತಾನೇ ಬಿದ್ದೋಗತ್ತೆ. ಮೊದಲನೇ ಚಿತ್ರಕ್ಕೆ ಮುಂಚೆ ಏನು ಬಿದ್ರೂ ಚಿಂತೆ ಇಲ್ಲ. ಆಮೇಲೆ ಬಿದ್ರೆ ಕೆಡತ್ತೆ. ಅಥವಾ ಮಧ್ಯದಲ್ಲಿ ಯಾರಾದ್ರೂ ಒರೆಸಿಬಿಟ್ರೆ ಕೆಡತ್ತೆ.” “ಅಕ್ಕ ಒರೆಸಿಬಿಟ್ಟಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು ಮೇಡಂ. ನೆರಳು ಜೋಡಿಸೋವಾಗ ಈ ಬೆರಳು ಕಂಡು ನಾನು ಓಡಿ ಹೋಗೋಷ್ಟರಲ್ಲಿ ಭಾವ ಅಡ್ಡ ನಿಂತಿದ್ರು. ಸಹಿ ಹೋಗತ್ತೆ ಅಂತ ಗೊತ್ತಿದ್ದೂ ನಿಂತ್ರು. ನನ್ನ ಅಳತೆ ಉಳಿಸಿದ್ದು ಅವ್ರು.”

“ಹೌದು ಕಣಮ್ಮ,” ಎಂದಳು ಮೆಷಿನಕ್ಕ. “ಹೆಣ ಬೀಳತ್ತೆ ಅಂದ್ರು ಪಾಪ.”

ಮೂರು ಜೊತೆ ಕಣ್ಣುಗಳು ದೊಡ್ಡಳಿಯನ ಕಡೆ ತಿರುಗಿದವು. ಮೂರರಲ್ಲೂ ಗೌರವ ತುಳುಕುತ್ತಿತ್ತು. ಇಪ್ಪತ್ತೆರಡು ವರ್ಷ ಕಾದರೂ ಸಿಗದ ಗೌರವ. ಅದು ಈಗ, ಈ ಕಾರಣಕ್ಕೆ, ಇಂಥಾ ಹೊತ್ತಿನಲ್ಲಿ. ಅವನಿಗೆ ಕುರ್ಚಿ ಎಲ್ಲಿದೆ ಎಂದು ತಿಳಿಯಲಿಲ್ಲ. ಒಂದು ಒರೆಸುವ ಬಟ್ಟೆ. ಒಂದೇ ಒಂದು ಸಲ ಆ ಬಟ್ಟೆ ಆಡಲು ಬಿಟ್ಟಿದ್ದರೆ.

ಡಾಕ್ಟರಮ್ಮ ಪರದೆಯ ಮೇಲಿನ ಹೆಬ್ಬೆಟ್ಟನ್ನೇ ನೋಡುತ್ತಿದ್ದರು. “ಅಲ್ಲಾ, ಇದು ಯಾರದು?”

“ನಂದೇ ಇರ್ಬೇಕು ಮೇಡಂ,” ಎಂದ ಚಿಕ್ಕಳಿಯ ತಲೆ ತಗ್ಗಿಸಿ. “ಜಾಡಿ ತುಂಬಿದ್ದು ನಾನೇ. ಎಲ್ಲೋ ಕೈ ತಪ್ಪಿರ್ಬೇಕು.”

“ನೋಡಿ, ಇದು ನಂಗೆ ಇಷ್ಟವಾಗೋದು! ತಪ್ಪನ್ನ ಬೇರೆಯವ್ರ ತಲೆಗೆ ಕಟ್ಟಲಿಲ್ಲ. ಇಂಥವ್ರ ಸಹಿಗೇ ಬೆಲೆ. ಆ ಚಿತ್ರ ಹಾಗೇ ಇಟ್ಕೊಳ್ಳಿ, ಹೊಸಬರಿಗೆ ಪಾಠ ಹೇಳೋವಾಗ ತೋರ್ಸಿ. ಕೆಳಗೆ ನಿಮ್ಮ ಹೆಸರೂ ಹಾಕಿ.”

ದೊಡ್ಡಳಿಯ ಪರದೆಯನ್ನು ನೋಡಿದ. ಫ್ರಿಜ್ಜಿನ ಖಾನೆ ಹೋಗಿತ್ತು. ಕಿಟಕಿಯ ಕುರ್ಚಿ ಹೋಗಿತ್ತು. ಅತ್ತೆ ಹೋಗಿದ್ದರು, ಮಗ್ಗು ಹೋಗಿತ್ತು, ಈಗಷ್ಟೇ ಸಹಿ ಹೋಯಿತು. ಅದೆಲ್ಲ ಇರಲಿ. ಆದರೆ ಅಲ್ಲಿ, ಗೋಡೆಯಗಲಕ್ಕೆ, ಚ್ಯವನಪ್ರಾಶದ ಡಬ್ಬಿ ತೆಗೆಯುವಾಗ ಎಡಗಡೆ ಕೊಯ್ದುಕೊಂಡ ಗಾಯದ ಗುರುತಿನ ಸಮೇತ, ಇಷ್ಟು ಸ್ಪಷ್ಟವಾಗಿ, ಇಷ್ಟು ದೊಡ್ಡದಾಗಿ, ಚಪ್ಪಾಳೆ ತಟ್ಟುವಷ್ಟು ಚೆನ್ನಾಗಿ ಮೂಡಿದ ಆ ಹೆಬ್ಬೆಟ್ಟು! ಅದರ ಕೆಳಗೂ ಚಿಕ್ಕಳಿಯನ ಹೆಸರೇ?

“ಅದು ನಂದು!”

ಕೂಗು ಎಷ್ಟು ಜೋರಾಗಿತ್ತೆಂದರೆ ಅರ್ಧ ಲೋಟಗಳಲ್ಲಿ ಚಹಾ ನಡುಗಿತು.

“ಅದು ನನ್ನ ಬೆರಳು! ನಾನೇ ಒತ್ತಿದ್ದು! ಎಣ್ಣೆ ಹಚ್ಚಿ, ಬೇಕು ಅಂತಲೇ ಒತ್ತಿದ್ದು! ಇವನದಲ್ಲ, ನಂದು!” ಅವನು ಹೆಬ್ಬೆರಳನ್ನು ಪರದೆಯ ಪಕ್ಕಕ್ಕೆ ಹಿಡಿದು ನಿಂತ, ತಾಳೆ ನೋಡಿಕೊಳ್ಳಿ ಎಂಬಂತೆ.

ಮೆಷಿನಕ್ಕ ಕನ್ನಡಕ ಏರಿಸಿ ಬೆರಳನ್ನೂ ಪರದೆಯನ್ನೂ ನೋಡಿದಳು. ಚಿಕ್ಕಳಿಯ ಭಾವನನ್ನು ನೋಡಿದ. ಅವನ ಮುಖದಲ್ಲಿ ಕೋಪ ಹುಡುಕಿದರೂ ಸಿಗುತ್ತಿರಲಿಲ್ಲ, ತನ್ನನ್ನು ಕಾಪಾಡಲು ಭಾವ ತಪ್ಪನ್ನೂ ತಲೆಗೆ ಹಾಕಿಕೊಳ್ಳುತ್ತಿದ್ದಾರೆ ಎಂಬ ಭಕ್ತಿಯೇ ಇತ್ತು.

ಡಾಕ್ಟರಮ್ಮ ಕಾಗದಗಳನ್ನು ಜೋಡಿಸಿ ಎದ್ದರು.

“ಯಾರದ್ದಾದ್ರೇನ್ರೀ ದೊಡ್ಡಳಿಯೋರೆ,” ಎಂದರು. “ಅದು ಲೆಕ್ಕಕ್ಕೇ ಬರಲಿಲ್ಲವಲ್ಲ. ದೀಪ ಹಾಕಿ.”